ಬಡಕಲು ಕೂಸು, ಬೊಜ್ಜಿನ ಬಾಲ್ಯ

ಅನ್ನದ ಅಭಾವವನ್ನು ತಲೆಮಾರುಗಳಿಂದ ಅನುಭವಿಸಿಕೊಂಡು ಬಂದ ಜನಾಂಗವೊಂದು ತನ್ನ ಮಕ್ಕಳು ಮೈತುಂಬಿಕೊಳ್ಳುವುದನ್ನು ಕಂಡು ಹಿಗ್ಗುವುದು ಅಸಹಜವೇನೂ ಅಲ್ಲ. ಬರಗಾಲಗಳನ್ನೂ ಮಾರಿಬೇನೆಗಳನ್ನೂ ದಾಟಿಬಂದ ನಮ್ಮ ಹಿರಿಯರಿಗೆ ದುಂಡನೆಯ ಕೆನ್ನೆ, ಮಡಿಕೆ ಬಿದ್ದ ತೊಡೆ, ದಿನದಿನಕ್ಕೂ ಬಿಗಿಯಾಗುತ್ತ ಹೋಗುವ ಉಡಿದಾರ ಇವೆಲ್ಲ ಆಯುಸ್ಸಿನ ಭರವಸೆಗಳಾಗಿದ್ದುವು. ಅಂಥ ಕೂಸಿಗೆ ದೃಷ್ಟಿ ತಾಗೀತೆಂದು ಕೆನ್ನೆಗೆ ಕಪ್ಪು ಬೊಟ್ಟಿಟ್ಟು, ಮುಸ್ಸಂಜೆಯಲ್ಲಿ ನೀವಾಳಿಸಿ ಚೆಲ್ಲುವ ಪದ್ಧತಿಯ ಹಿಂದೆ ಇದ್ದುದು ಮೌಢ್ಯಕ್ಕಿಂತ ಹೆಚ್ಚಾಗಿ ಕಳೆದುಕೊಂಡ ಮಕ್ಕಳ ಸ್ಮರಣೆಯೆಂದೇ ನನಗೆ ತೋರುತ್ತದೆ. ಆದುದರಿಂದಲೇ ಮಕ್ಕಳ ಸ್ಥೌಲ್ಯವೆಂಬ ಮಾತು ಕಿವಿಗೆ ಬಿದ್ದಾಗ, ಅದು ಅಮೆರಿಕದಂತಹ ಸಂಪನ್ನ ದೇಶಗಳ ಚಿಂತೆ, ನಮ್ಮದಲ್ಲವೆಂದು ನಾವು ಬಹುಕಾಲ ಸುಮ್ಮನಿದ್ದೆವು. ಆ ಉದಾಸೀನಕ್ಕೆ ಈಗ ಯಾವ ಆಧಾರವೂ ಉಳಿದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ, 2022ರಲ್ಲಿ ಜಗತ್ತಿನ 5ರಿಂದ 19 ವರ್ಷದೊಳಗಿನ ಮಕ್ಕಳ ಪೈಕಿ 39 ಕೋಟಿಗೂ ಮಿಕ್ಕವರು ಅಧಿಕ ತೂಕದವರು. ಅವರಲ್ಲಿ 16 ಕೋಟಿ ಮಂದಿ ಸ್ಥೂಲಕಾಯರೆಂದೇ ಪರಿಗಣಿತರಾದವರು. 1990ರಲ್ಲಿ ಈ ವಯೋಮಾನದವರಲ್ಲಿ ನೂರಕ್ಕೆ 8 ಮಂದಿ ಅಧಿಕ ತೂಕದವರಾಗಿದ್ದರೆ, ಮೂವತ್ತೆರಡು ವರ್ಷಗಳ ತರುವಾಯ ನೂರಕ್ಕೆ 20 ಮಂದಿ ಹಾಗಾದರು. ಸ್ಥೂಲರಾದ ಶಾಲಾಮಕ್ಕಳ ಪ್ರಮಾಣವು ತೂಕ ಸಾಲದವರ ಪ್ರಮಾಣವನ್ನು ಲೋಕದ ಒಟ್ಟು ಲೆಕ್ಕದಲ್ಲಿ ಮೊಟ್ಟಮೊದಲ ಬಾರಿಗೆ ಮೀರಿತೆಂದು ಯುನಿಸೆಫ್ ಸಂಸ್ಥೆ 2025ರಲ್ಲಿ ಪ್ರಕಟಿಸಿತು. ಒಂದು ನೂರಕ್ಕೆ 9.4, ಇನ್ನೊಂದು 9.2. ಭಾರತದಲ್ಲಾದರೋ 1990ರಲ್ಲಿ ಸುಮಾರು 4 ಲಕ್ಷದಷ್ಟಿದ್ದ ಸ್ಥೂಲ ಮಕ್ಕಳ ಸಂಖ್ಯೆ 2022ರ ವೇಳೆಗೆ ಒಂದೂಕಾಲು ಕೋಟಿಗೆ ಏರಿತೆಂದು, 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಕು ಕಂಡ ಅಂತರರಾಷ್ಟ್ರೀಯ ಅಧ್ಯಯನವೊಂದು ತಿಳಿಸುತ್ತದೆ.

ಒಂದೂಕಾಲು ಕೋಟಿಯೆಂದರೂ ನಮ್ಮ ಮಕ್ಕಳ ಮಹಾಸಮೂಹದಲ್ಲಿ ಅದು ನೂರಕ್ಕೆ ಮೂರು ನಾಲ್ಕು ಮಾತ್ರವೆಂದು ಸಮಾಧಾನಪಡುವವರುಂಟು. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಅವರು ಇದರ ಪಕ್ಕದಲ್ಲಿಟ್ಟು ನೋಡಬೇಕು: ನಮ್ಮ ಹುಡುಗ ಹುಡುಗಿಯರಲ್ಲಿ ಐವರಿಗೊಬ್ಬರಂತೆ ಇಂದಿಗೂ ಅತಿ ಕೃಶರು. ನಮ್ಮ ಕರ್ನಾಟಕದಲ್ಲಿಯೂ ಇದೇ ಸ್ಥಿತಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 33 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಅಧಿಕ ತೂಕದವರ ಪ್ರಮಾಣವು ಹಿಂದಿನ ಸಮೀಕ್ಷೆಯಲ್ಲಿ 2.6 ಇದ್ದುದು ಈ ಸಲ 3.2. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ ಕೃಶತೆಯೂ ಸ್ಥೂಲತೆಯೂ ಕೂಡಿ ಬಾಳುತ್ತಿವೆ. ಇವು ಪರಸ್ಪರ ವಿರುದ್ಧವಾದ ಎರಡು ವ್ಯಾಧಿಗಳು, ಒಂದು ಬಡವನದು, ಮತ್ತೊಂದು ಧನಿಕನದು ಎಂದು ಭಾವಿಸುವುದು ಸುಲಭ. ಆದರೆ ನಮ್ಮ ನೆಲದಲ್ಲಿಯೇ ನಡೆದ ಸಂಶೋಧನೆಗಳು ಹೇಳುವ ಕಥೆ ಬೇರೆಯಾಗಿದೆ. ಮೊದಲಿನ ಹಸಿವಿಗೂ ಅನಂತರದ ಬೊಜ್ಜಿಗೂ ಇರುವ ಆ ನಂಟನ್ನು ತಿಳಿಯದೆ ನಾವು ಕೈಗೊಳ್ಳುವ ಯಾವ ಚಿಕಿತ್ಸೆಯೂ ಅರ್ಧ ದಾರಿಯಲ್ಲಿಯೇ ನಿಲ್ಲುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು, ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ, ಬಲ್ಲವರಿಗೆಲ್ಲ ಅಲ್ಲಿನ ಹೆರಿಗೆಯ ವಾರ್ಡು ಪರಿಚಿತವಾದುದೇ. 1934ರಿಂದ ಮೊದಲ್ಗೊಂಡು ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಲ್ಲಿಯವರು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟರು. ಬರೆದುದಷ್ಟೇ ಅಲ್ಲದೆ ಅವನ್ನು ಜೋಪಾನವಾಗಿ ಕಾಪಾಡಿದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿ, ಗರ್ಭದಲ್ಲಿ ಪೋಷಣೆ ಸಾಲದೆ ಹುಟ್ಟಿದ ಶಿಶುವು ನಡುವಯಸ್ಸಿನಲ್ಲಿ ಹೃದ್ರೋಗಕ್ಕೆ ಸುಲಭವಾಗಿ ಗುರಿಯಾಗುವುದೆಂಬ ಸಿದ್ಧಾಂತವನ್ನು ಪ್ರತಿಪಾದಿಸುತ್ತಿದ್ದ ಕಾಲದಲ್ಲಿ, ಅವರ ಸಹೋದ್ಯೋಗಿ ಕ್ಯಾರೊಲೀನ್ ಫಾಲ್ ಮೊದಲಾದವರಿಗೆ ಈ ಪುಸ್ತಕಗಳು ನಿಧಿಯಂತೆ ದೊರೆತುವು. ಆಸ್ಪತ್ರೆಯ ಸುತ್ತಣ ಬಡಾವಣೆಗಳಲ್ಲಿ ಮನೆಮನೆಗೂ ಹೋಗಿ, ಅಲ್ಲಿಯೇ ಹುಟ್ಟಿ ಮೈಸೂರಿನಲ್ಲಿಯೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ಫಲಿತಾಂಶವು ಚಿಂತನಾರ್ಹವಾದುದು: ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, ಏಳು ಪೌಂಡಿಗಿಂತ ಹೆಚ್ಚು ತೂಗಿ ಹುಟ್ಟಿದವರಲ್ಲಿ ಅದು ನೂರಕ್ಕೆ 3 ಮಾತ್ರ.

ಬಡಕಲಾಗಿ ಹುಟ್ಟಿದ ಕೂಸಿಗೂ ಬೊಜ್ಜಿಗೂ ಏನು ಸಂಬಂಧವೆಂಬ ಪ್ರಶ್ನೆಗೆ ಪುಣೆಯಿಂದ ಉತ್ತರ ಬಂದಿತು. ಅಲ್ಲಿನ ವೈದ್ಯ ಚಿತ್ತರಂಜನ ಯಾಜ್ಞಿಕರು ಸುತ್ತಣ ಹಳ್ಳಿಗಳ ನವಜಾತ ಶಿಶುಗಳನ್ನು ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿ ನೋಡಿದರು. ನಮ್ಮ ಹಳ್ಳಿಯ ಕೂಸಿನ ಸರಾಸರಿ ತೂಕ 2.7 ಕಿಲೋ, ಆಂಗ್ಲ ಶಿಶುವಿನದು 3.5. ತೂಕದಲ್ಲಿ ಇಷ್ಟು ಅಂತರವಿರುವಾಗ ಅಂಗಾಂಗಗಳಲ್ಲೆಲ್ಲ ಅದೇ ಪ್ರಮಾಣದ ಕೊರತೆ ಕಾಣಬೇಕಷ್ಟೆ. ಹಾಗೆ ಕಾಣಲಿಲ್ಲ. ಮಾಂಸಖಂಡಗಳು ಬಹಳವಾಗಿ ಸೊರಗಿದ್ದುವು, ಹೊಟ್ಟೆಯೊಳಗಣ ಅವಯವಗಳು ಚಿಕ್ಕವಾಗಿದ್ದುವು. ಆದರೆ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಚರ್ಮವನ್ನು ಹಿಡಿದು ಅಳೆದಾಗ ಕೊಬ್ಬಿನ ಪದರ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಮೈಸೂರಿನ ಮಕ್ಕಳಲ್ಲಿಯೂ ಇದೇ ಲಕ್ಷಣ ಹುಟ್ಟಿನಲ್ಲಿ ಮಾತ್ರವಲ್ಲದೆ ನಾಲ್ಕನೆಯ ವಯಸ್ಸಿನಲ್ಲಿಯೂ ಕಂಡುಬಂದುದನ್ನು ಮಿಷನ್ ಆಸ್ಪತ್ರೆಯ ಜಿ. ವಿ. ಕೃಷ್ಣವೇಣಿಯವರೂ ಅವರ ಸಂಗಡಿಗರೂ ದಾಖಲೆಮಾಡಿರುವರು. ಮಿದುಳಿನ ರಕ್ಷಣೆಗಾಗಿ ಸ್ನಾಯುವನ್ನು ಬಲಿಗೊಟ್ಟು, ಕಷ್ಟಕಾಲಕ್ಕೆಂದು ಮೇದಸ್ಸನ್ನು ಕೂಡಿಟ್ಟುಕೊಂಡು ಹುಟ್ಟುವ ಈ ದೇಹ, ಹೊರಗೆ ಕಾಣುವಂತೆ ಕೃಶ, ಒಳಗೆ ಸ್ಥೂಲ. ಬಡತನದ ಬದುಕಿಗೆ ಸಜ್ಜಾಗಿ ಬಂದ ಅಂಥ ಕೂಸಿಗೆ ಸಕ್ಕರೆ, ಮೈದಾ, ಕರಿದ ಎಣ್ಣೆಗಳ ಸಮೃದ್ಧಿ ಇದಿರಾದರೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಊಹೆಯ ಅಗತ್ಯವೂ ಇಲ್ಲ. 1969ರಿಂದ 1972ರವರೆಗೆ ದಕ್ಷಿಣ ದಿಲ್ಲಿಯಲ್ಲಿ ಹುಟ್ಟಿದ ಮಕ್ಕಳನ್ನು ಆಗಿಂದಾಗ್ಗೆ ತೂಗುತ್ತ, ಅಳೆಯುತ್ತ ಬಂದ ಅಧ್ಯಯನವೊಂದು, ಅವರು ಇಪ್ಪತ್ತಾರರಿಂದ ಮೂವತ್ತೆರಡರ ಪ್ರಾಯಕ್ಕೆ ಬಂದಾಗ ಅವರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿತು. ಆ ಪ್ರಾಯದಲ್ಲಿ ಸಕ್ಕರೆಕಾಯಿಲೆಯ ಹಾದಿ ಹಿಡಿದಿದ್ದವರು ಎರಡನೆಯ ವಯಸ್ಸಿನವರೆಗೆ ಬಡಕಲಾಗಿದ್ದು, ಅಲ್ಲಿಂದ ಮುಂದೆ ಉಳಿದವರಿಗಿಂತ ಬೇಗ ಬೇಗ ದಪ್ಪವಾಗುತ್ತ ಬಂದವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲೊಬ್ಬರೂ ಸ್ಥೂಲರೆಂಬ ಲೆಕ್ಕಕ್ಕೆ ಬಂದಿರಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ಅಂದಮೇಲೆ ಮೊದಲು ಹೇಳಿದ ಒಂದೂಕಾಲು ಕೋಟಿಯ ಲೆಕ್ಕವು, ಎಷ್ಟೇ ಸತ್ಯವಾದುದಾದರೂ, ಅಪಾಯದ ಪೂರ್ಣ ವಿಸ್ತಾರವನ್ನು ತೋರಿಸಲಾರದು. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ನಡೆಸಿದ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಅಧಿಕ ತೂಕದವರು ನೂರಕ್ಕೆ 5. ರಕ್ತದಲ್ಲಿ ಸಕ್ಕರೆಕಾಯಿಲೆಯ ಪೂರ್ವಸೂಚನೆಯಿದ್ದವರು ನೂರಕ್ಕೆ 10. ತೂಕದ ಯಂತ್ರವು ಹಿಡಿದುಕೊಟ್ಟವರಿಗಿಂತ ಎರಡು ಪಟ್ಟು ಮಕ್ಕಳನ್ನು ರಕ್ತಪರೀಕ್ಷೆ ಹಿಡಿದುಕೊಟ್ಟಿತು.

ಇದಕ್ಕೆ ಕಾರಣ ನಾವು ಬಳಸುವ ಅಳತೆಗೋಲಿನ ಸ್ವಭಾವದಲ್ಲಿಯೂ ಇದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕವು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ದೇಶದ ಗಣಿತಜ್ಞ ಕೆಟ್ಲೆಯ ಸೃಷ್ಟಿ; ಕೊಬ್ಬೆಷ್ಟು, ಮಾಂಸವೆಷ್ಟು ಎಂಬ ವಿವೇಚನೆ ಅದಕ್ಕಿಲ್ಲ. ಬೆಳೆಯುವ ಮಕ್ಕಳಲ್ಲಿ ಆ ಅಂಕ ವಯಸ್ಸಿನೊಡನೆ ಏರಿಳಿಯುವುದರಿಂದ ವಯಸ್ಸು, ಲಿಂಗಗಳಿಗನುಸಾರವಾದ ನಕ್ಷೆಯ ಮೇಲಿಟ್ಟೇ ಅದನ್ನು ಓದಬೇಕು. ಭಾರತೀಯ ಮಕ್ಕಳವೈದ್ಯರ ಸಂಘವು 2015ರಲ್ಲಿ ಹೊರತಂದ ನಕ್ಷೆಗಳಲ್ಲಿ ವಯಸ್ಕರ 25, 30ರ ಗಡಿಗಳಿಗೆ ಬದಲಾಗಿ 23, 27ಕ್ಕೆ ಸರಿಹೊಂದುವ ರೇಖೆಗಳನ್ನೆಳೆದಿರುವುದು ನಮ್ಮ ದೇಹಪ್ರಕೃತಿಯನ್ನರಿತು ಮಾಡಿದ ವಿವೇಕದ ಕೆಲಸ. ಬರಿಗಣ್ಣಿಗೆ ಕಾಣುವ ಕುರುಹುಗಳೂ ಉಂಟು. ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ಕಪ್ಪಾಗಿ ದಪ್ಪವಾಗುವ ಚರ್ಮವನ್ನು ಕೊಳೆಯೆಂದೇ ತಿಳಿದು, ಸ್ನಾನದ ಮನೆಯಲ್ಲಿ ಮಗುವನ್ನು ಗದರಿಸುತ್ತ ಉಜ್ಜುವ ತಾಯಂದಿರೆಷ್ಟೋ ಮಂದಿ. ಅದು ಕೊಳೆಯಲ್ಲ, ಇನ್ಸುಲಿನ್ನಿಗೆ ದೇಹವು ಸರಿಯಾಗಿ ಓಗೊಡುತ್ತಿಲ್ಲವೆಂಬುದಕ್ಕೆ ಚರ್ಮವು ಬಹುಮಟ್ಟಿಗೆ ಕೊಡುವ ಸೂಚನೆ. ಅಂಥ ಮಗುವನ್ನು ಉಜ್ಜುವುದನ್ನು ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ತೋರಿದ ಸೂಕ್ಷ್ಮತೆಯನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲು ಮನಸ್ಸು ಬಾರದು. ಚರಕಸಂಹಿತೆಯ ಸೂತ್ರಸ್ಥಾನವು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಅಧ್ಯಾಯದಲ್ಲಿ ಜೊತೆಯಾಗಿ ವಿಚಾರಿಸುತ್ತದೆ. ಸ್ಥೌಲ್ಯದ ಕಾರಣಗಳಲ್ಲಿ ಅತ್ಯಾಹಾರ, ಮಧುರಸ್ನಿಗ್ಧ ಪದಾರ್ಥಗಳು, ವ್ಯಾಯಾಮದ ಅಭಾವ, ಹಗಲುನಿದ್ರೆಗಳೊಡನೆ ತಂದೆತಾಯಿಗಳಿಂದ ಬರುವ ಬೀಜಸ್ವಭಾವವನ್ನೂ ಹೆಸರಿಸುತ್ತದೆ. ದಪ್ಪವಾಗಿರುವ ಮಗುವಿಗೆ ಡುಮ್ಮ, ಡುಮ್ಮಿ ಎಂದು ಅಡ್ಡಹೆಸರಿಟ್ಟು, ಎಲ್ಲವೂ ಅದರ ಬಾಯಿಚಪಲದ ಫಲವೆಂಬಂತೆ ನಾಲ್ಕು ಜನರೆದುರಿಗೆ ನಗುವವರಿಗೆ ಈ ಕೊನೆಯ ಮಾತು ತಲಪಬೇಕಾಗಿದೆ. ತಾನು ಆರಿಸಿಕೊಳ್ಳದ ಗರ್ಭದಲ್ಲಿ ಬೆಳೆದು, ತಾನು ಕೊಳ್ಳದ ದಿನಸಿಯನ್ನುಂಡು, ತಾನು ಕಟ್ಟದ ಊರಿನಲ್ಲಿ ಆಡಲು ಜಾಗವಿಲ್ಲದೆ ಕುಳಿತಿರುವ ಹತ್ತು ವರ್ಷದ ಬಾಲಕನನ್ನು ಅವನ ಮೈಗಾಗಿ ಅವಮಾನಿಸುವುದು ಕ್ರೌರ್ಯವೇ ಸರಿ.

ಊರು ಎಂದೆನಷ್ಟೆ. ಮಕ್ಕಳಿಗೆ ದಿನಕ್ಕೆ ಅರವತ್ತು ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. 2016ರ ಅಂಕಿ ಅಂಶಗಳಂತೆ 11ರಿಂದ 17 ವರ್ಷದವರಲ್ಲಿ ಲೋಕದಲ್ಲಿ ನೂರಕ್ಕೆ 81 ಮಂದಿಗೆ ಅದು ಲಭಿಸಿರಲಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಮೂರಂತಸ್ತಿನ ಮನೆಯೊಂದರಲ್ಲಿ ನಡೆಯುವ ಶಾಲೆಗೆ ಆಟದ ಬಯಲೆಲ್ಲಿಂದ ಬಂದೀತು? ಬಯಲಿರುವ ಕಡೆಯಲ್ಲಿಯೂ ಪೋರ್ಷನ್ ಮುಗಿದಿಲ್ಲವೆಂಬ ನೆಪದಿಂದ ಪಿ.ಟಿ. ಅವಧಿಯನ್ನು ಗಣಿತಕ್ಕೆ ಕೊಟ್ಟುಬಿಡುವುದುಂಟು, ಎಸ್.ಎಸ್.ಎಲ್.ಸಿ. ಸಮೀಪಿಸಿತೆಂದರೆ ಟ್ಯೂಷನ್ನಿಗೆ ಹೋಗಿಬರುವ ನಡಿಗೆಯೂ ತಂದೆಯ ಸ್ಕೂಟರಿನ ಪಾಲಾಗುತ್ತದೆ. ಇತ್ತ ಶಾಲೆಯ ಬಾಗಿಲಿನ ಅಂಗಡಿಯಲ್ಲಿ ಹಾರದಂತೆ ತೂಗುವ ಕುರುಕಲು ತಿಂಡಿಯ ಪೊಟ್ಟಣಗಳ ಬೆಲೆ ಒಂದು ಬಾಳೆಹಣ್ಣಿನ ಬೆಲೆಗಿಂತ ಹೆಚ್ಚಿಲ್ಲ. ಮುನ್ನೂರು ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಮೂವತ್ತು ಗ್ರಾಮಿಗೆ ಕಡಿಮೆಯಿಲ್ಲದ ಸಕ್ಕರೆಯಿದೆ. ಬೆಳೆದ ವಯಸ್ಕನಿಗೂ ದಿನವೊಂದಕ್ಕೆ ಇಪ್ಪತ್ತೈದು ಗ್ರಾಮಿನ ಒಳಗಿದ್ದರೆ ಲೇಸೆಂದು ತಜ್ಞರು ಹೇಳುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರಿಂದ ಐವತ್ತು ಮೀಟರಿನೊಳಗೂ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿಯೇ ನಿಯಮ ಮಾಡಿತು. ಐವತ್ತು ಮೀಟರೆಂದರೆ ಎಷ್ಟು ದೂರವೆಂಬುದನ್ನು ಪ್ರತಿಯೊಬ್ಬ ಮುಖ್ಯೋಪಾಧ್ಯಾಯರೂ ಒಮ್ಮೆ ಹೆಜ್ಜೆಯಿಟ್ಟು ಅಳೆದು ನೋಡಬೇಕೆಂದು ನನ್ನ ವಿನಂತಿ.

ಕೃಶತೆಗೂ ಸ್ಥೂಲತೆಗೂ ಮೂಲ ಒಂದೇ ಆದ ಮೇಲೆ ಪಥ್ಯವೂ ಬಹುಪಾಲು ಒಂದೇ. ಬಡಕಲು ಮಗುವಿಗೆ ತೂಕ ಬಂದರೆ ಸಾಕೆಂದು ಬಿಸ್ಕತ್ತು, ಸಕ್ಕರೆ ಬೆರೆಸಿದ ಪುಡಿಗಳನ್ನು ತುಂಬುವುದರಿಂದ ಬೆಳೆಯುವುದು ಕೊಬ್ಬೇ ಹೊರತು ಮಾಂಸಖಂಡವಲ್ಲ, ಎತ್ತರವಲ್ಲ. ಬೇಳೆ, ಕಾಳು, ಹಾಲು, ಮೊಟ್ಟೆ, ಸೊಪ್ಪು, ರಾಗಿ, ಮತ್ತು ದಿನವೂ ಓಡಾಟ: ಇವು ಸೊರಗಿದವನಿಗೂ ಬೇಕು, ಉಬ್ಬಿದವನಿಗೂ ಬೇಕು. ಈ ದೃಷ್ಟಿಯಿಂದ ನಮ್ಮ ರಾಜ್ಯದ ಶಾಲೆಗಳ ಬಿಸಿಯೂಟದಲ್ಲಿ 2024ರಿಂದ ವಾರದ ಆರು ದಿನವೂ ಮೊಟ್ಟೆ, ಅದನ್ನುಣ್ಣದವರಿಗೆ ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ ಕೊಡುವ ಏರ್ಪಾಡನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಸ್ಥೂಲ ಮಗುವನ್ನು ಉಪವಾಸ ಕೆಡವುವುದು ಸರ್ವಥಾ ಸಲ್ಲದು. ಬೆಳೆಯುವ ಪ್ರಾಯದಲ್ಲಿ, ಬೊಜ್ಜು ತೀರ ಮಿತಿಮೀರದಿದ್ದರೆ, ತೂಕ ಇದ್ದಲ್ಲಿಯೇ ನಿಂತು ಎತ್ತರ ಏರಿದರೂ ಅದೇ ಸಾಕಷ್ಟು ಪರಿಹಾರವಾಗುತ್ತದೆ.

ಮಿಷನ್ ಆಸ್ಪತ್ರೆಯ ಕಥೆಗೆ ಇನ್ನೊಂದು ಭಾಗವುಂಟು. 1997–98ರಲ್ಲಿ ಅಲ್ಲಿಗೆ ಬಂದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷಾನುವರ್ಷ ನೋಡಿಕೊಂಡು ಬಂದರು. ಬಸಿರಿನಲ್ಲಿ ಸಕ್ಕರೆಕಾಯಿಲೆ ತೋರಿದ ತಾಯಂದಿರ ಹೆಣ್ಣುಮಕ್ಕಳು ಐದನೆಯ ವಯಸ್ಸಿನಲ್ಲಿಯೇ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬನ್ನು ಹೊತ್ತಿದ್ದರು. ಬಡಕಲಾಗಿ ಹುಟ್ಟಿ, ಬೇಗ ದಪ್ಪವಾಗಿ, ಬಸಿರಿನಲ್ಲಿ ಸಕ್ಕರೆಕಾಯಿಲೆಗೆ ತುತ್ತಾದ ಹೆಣ್ಣು ತನ್ನ ಮಗಳಿಗೆ ಆ ಕಾಯಿಲೆಯ ಬೀಜವನ್ನು ಒಪ್ಪಿಸುವಳು. ಆ ಮಗಳು ತನ್ನ ಮಗಳಿಗೆ. ಈ ಸರಪಣಿಯನ್ನು ಕಡಿಯುವ ಕೆಲಸ ಹದಿಮೂರು ಹದಿನಾಲ್ಕರ ಹುಡುಗಿಯ ತಟ್ಟೆಯಿಂದ ಆರಂಭವಾಗಿ ಅವಳ ತಾಯಿ ಕಾರ್ಡಿನವರೆಗೆ ಮುಂದುವರಿಯಬೇಕಾಗಿದೆ. ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ನೋಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ಒಮ್ಮೆಯೂ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆಯೂ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ ವಿಧಿಸಿದೆ. ಮೊದಲನೆಯದು ಸರಿಬಂದಿತೆಂದು ಎರಡನೆಯದನ್ನು ಕೈಬಿಡಬಾರದು. ಬಸಿರಿನ ಸಕ್ಕರೆ ಸಾಮಾನ್ಯವಾಗಿ ತಲೆಯೆತ್ತುವುದು ಐದು ತಿಂಗಳು ಕಳೆದ ಮೇಲೆ.