ಕಾರಿನ ಬ್ಲೋವರ್ ಮೋಟಾರು: ಪರೀಕ್ಷಿಸುವ ಕ್ರಮ

ಮಡಿಕೇರಿಯಿಂದ ಚೆಟ್ಟಳ್ಳಿಯ ಮಾರ್ಗವಾಗಿ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ಕಕ್ಕಡ ಮಾಸದ ಮಳೆಯಲ್ಲಿ ಕಾರು ನಡೆಸಿದವರಿಗೆ ಒಂದು ತೊಡಕು ಚಿರಪರಿಚಿತ. ಕಿಟಕಿಗಳನ್ನು ಮುಚ್ಚಿದೊಡನೆ ಒಳಗಿನವರ ಉಸಿರಿನ ತೇವವು ತಣ್ಣನೆಯ ಮುಂದಿನ ಗಾಜಿನ ಒಳಮೈಯಲ್ಲಿ ಹನಿಗಟ್ಟಿ, ಎದುರಿನ ತಿರುವೇ ಕಾಣದಾಗುತ್ತದೆ. ಆಗ ಗಾಜಿನತ್ತ ಗಾಳಿಯನ್ನು ತಳ್ಳಿ ದಾರಿ ತೋರುವುದು ಬ್ಲೋವರಿನ ಪುಟ್ಟ ಮೋಟಾರು. ಅದು ನಿಂತರೆ ಹೀಟರಾಗಲಿ ಎ.ಸಿ.ಯಾಗಲಿ ಇದ್ದೂ ಇಲ್ಲದಂತೆಯೇ ಸರಿ.

ಬ್ಲೋವರ್ ತಿರುಗದಿದ್ದರೆ ಮೋಟಾರೇ ಸುಟ್ಟಿತೆಂದು ಬಗೆದು ಹೊಸದನ್ನು ಕೊಳ್ಳುವ ವಾಡಿಕೆಯುಂಟು. ಇದು ದುಡುಕು. ಮೋಟಾರಿಗೆ ವಿದ್ಯುತ್ತು ತಲಪುತ್ತಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಸ್ವಿಚ್ಚಿನ ಎಲ್ಲ ವೇಗಗಳನ್ನೂ ಒಮ್ಮೆ ಪರಿಶೀಲಿಸಬೇಕು. ಸಾಮಾನ್ಯ ಕಾರುಗಳಲ್ಲಿ ಕೆಳಗಿನ ವೇಗಗಳಿಗೆ ವಿದ್ಯುತ್ತು ರೋಧಕವೊಂದರ ಮೂಲಕ ಹರಿಯುತ್ತದೆ. ಅತ್ಯಧಿಕ ವೇಗಕ್ಕೆ ರೋಧಕದ ತಡೆಯಿಲ್ಲ. ಆದುದರಿಂದ ಆ ಒಂದೇ ವೇಗದಲ್ಲಿ ತಿರುಗುವ ಮೋಟಾರು ನಿರ್ದೋಷಿ; ಹಾಳಾಗಿರುವುದು ಬಹುಮಟ್ಟಿಗೆ ರೋಧಕವೇ.

ಯಾವ ವೇಗದಲ್ಲಿಯೂ ತಿರುಗದಿದ್ದರೆ ಫ್ಯೂಸನ್ನು ನೋಡಬೇಕು. ಹೊಸ ಫ್ಯೂಸೂ ಸುಟ್ಟರೆ ಅದರ ಬದಲು ದಪ್ಪ ತಂತಿ ಕಟ್ಟುವುದು ಬೆಂಕಿಗೆ ಆಹ್ವಾನ. ತಿರುಗುವ ಮೋಟಾರು ತನ್ನಲ್ಲಿಯೇ ವಿರೋಧಿ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸಿಕೊಂಡು ವಿದ್ಯುತ್ ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ಸಿಕ್ಕಿಕೊಂಡು ನಿಂತ ಮೋಟಾರಿನಲ್ಲಿ ಆ ಬಲವಿಲ್ಲ. ಪ್ರವಾಹವು ಏರುತ್ತದೆ, ಫ್ಯೂಸು ಕರಗುತ್ತದೆ. ತೋಟದ ನೆರಳುಮರಗಳ ಕೆಳಗೆ ನಿಲ್ಲುವ ಕಾರುಗಳಲ್ಲಿ ಒಣ ಎಲೆಗಳೋ ಇಲಿ ಕಟ್ಟಿದ ಗೂಡೋ ಫ್ಯಾನಿಗೆ ಅಡ್ಡವಾಗಿರಬಹುದು. ಕೀಲಿಯನ್ನು ತೆಗೆದು, ಕೈಯಿಂದ ತಿರುಗಿಸಿ ನೋಡುವುದು ಉಚಿತ.

ಬಳಿಕ ಮೀಟರು. ಇಲ್ಲೊಂದು ಸೂಕ್ಷ್ಮವಿದೆ. ಕನೆಕ್ಟರನ್ನು ಮೋಟಾರಿನಿಂದ ಕಳಚಿ ಅಳೆದರೆ, ಕಿಲುಬು ಹಿಡಿದ ಸಂಪರ್ಕವೂ 12 ವೋಲ್ಟ್ ತೋರಿಸಬಲ್ಲದು; ಮೀಟರು ಎಳೆದುಕೊಳ್ಳುವ ವಿದ್ಯುತ್ತು ಅತ್ಯಲ್ಪವಾದುದೇ ಇದಕ್ಕೆ ಕಾರಣ. ಕೊಡಗಿನ ತೇವದಲ್ಲಿ ಇಂತಹ ಕಿಲುಬು ಅಪರೂಪವಲ್ಲ. ಕನೆಕ್ಟರ್ ಸೇರಿರುವಾಗಲೇ, ಸ್ವಿಚ್ಚನ್ನು ಕಡೆಯ ವೇಗದಲ್ಲಿಟ್ಟು, ಮೋಟಾರಿನ ಎರಡು ತಂತಿಗಳ ನಡುವೆ ಅಳೆಯಬೇಕು. ಬ್ಯಾಟರಿಯ ವೋಲ್ಟೇಜು ಬಹುಮಟ್ಟಿಗೆ ಅಲ್ಲಿಯೂ ದೊರೆತು, ಫ್ಯಾನು ಅಲುಗದಿದ್ದರೆ ಮಾತ್ರ ದೋಷ ಮೋಟಾರಿನದು. ಮೆಲ್ಲನೆ ತಟ್ಟಿದಾಗ ಅದು ತಿರುಗತೊಡಗಿದರೆ ಕಾರ್ಬನ್ ಬ್ರಷ್ ಸವೆದಿದೆಯೆಂದು ಊಹಿಸಬಹುದು.

ಮೋಟಾರನ್ನು ಹೊರತೆಗೆದು, ಫ್ಯೂಸ್ ಇರುವ ತಂತಿಯಿಂದ ಬ್ಯಾಟರಿಗೆ ನೇರವಾಗಿ ಜೋಡಿಸಿ ನೋಡುವುದು ಕಡೆಯ ಪರೀಕ್ಷೆ. ಇದು ಎರಡೇ ತಂತಿಗಳ ಮೋಟಾರಿಗೆ ಸಲ್ಲುತ್ತದೆ. ಮೂರು ನಾಲ್ಕು ತಂತಿಗಳಿದ್ದರೆ ಒಳಗೆ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಸಂಭವವುಂಟು. ಅದಕ್ಕೆ ಈ ಪ್ರಯೋಗ ಸಲ್ಲದು.