ಮೂರು ಮೀಟರಿನ ದಾರಿ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ಬಸ್ಸು ಹೆಬ್ಬೂರಿನಲ್ಲಿ ಇಳಿಸಿದಾಗ ಹತ್ತೂವರೆ ಗಂಟೆ. ಅಲ್ಲಿಂದ ಮಣ್ಣುದಾರಿ ಹಿಡಿದು ನಡೆದೆ. ಕಾರ್ತಿಕದ ಮೊದಲ ವಾರ. ರಾಗಿ ಕೊಯ್ಲು ನಡೆದಿತ್ತು. ಬೇಗ ಕೊಯ್ದವರು ಆಗಲೇ ತೆನೆಯನ್ನು ದಾರಿಗೆ ಹರಡಿ, ಗಾಡಿಗಳು ಹತ್ತಿಳಿದು ತುಳಿಯಲಿ ಎಂದು ಕಾಯುತ್ತಿದ್ದರು. ಹೊಲದಲ್ಲಿ ಕುಡುಗೋಲು ಹಿಡಿದಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದಂತೆ ಕಂಡರು. 2007ರ ಕಾಯ್ದೆಯ ಪ್ರಕಾರ ಅವರೆಲ್ಲ ಹಿರಿಯ ನಾಗರಿಕರು. ಎದುರಿಗೆ ನಿಂತು ಹಾಗೆ ಕರೆದಿದ್ದರೆ ನಕ್ಕುಬಿಡುತ್ತಿದ್ದರೇನೋ.

ನಾನು ಹೊರಟಿದ್ದು ವಯಸ್ಸಾದವರು ಇರುವ ಒಂದು ಮನೆಗೆ. ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿಗೆ ಕೆಲಸ ಕಲಿಯಲು ಬರುತ್ತಾರೆ. ಮನೆಯ ಹೆಸರು ಬರೆಯುವುದಿಲ್ಲ. ಒಳಗಿರುವವರು ಯಾರೂ ಪ್ರದರ್ಶನಕ್ಕೆ ಕೂತವರಲ್ಲ.

ತೆಂಗಿನ ತೋಟ ಮುಗಿಯುವಲ್ಲಿ ಗೇಟು. ಬಾಗಿಲಿಗೆ ಮೂರು ಮೆಟ್ಟಿಲು, ಪಕ್ಕದಲ್ಲಿ ಗಾಲಿಕುರ್ಚಿ ಹತ್ತಿಸುವ ಇಳಿಜಾರು. ನಾನು ಅಭ್ಯಾಸದಂತೆ ಮೆಟ್ಟಿಲಿನ ಕಡೆ ಹೋದೆ. ಹೊಸ್ತಿಲಿಗೆ ಅಡ್ಡಲಾಗಿ ದಪ್ಪ ಹಳದಿ ಪಟ್ಟಿ ಬಳಿದಿದ್ದರು. ಅರಿಶಿನ ಬಳಿದದ್ದಿರಬೇಕು ಅಂದುಕೊಂಡೆ. ಮುಟ್ಟಿ ನೋಡಿದರೆ ಪೇಂಟು. ಕಣ್ಣು ಮಂಜಾದವರಿಗೆ ನೆಲ ಎಲ್ಲಿ ಏರುತ್ತದೆ ಎಂದು ತಿಳಿಯಲಿ ಎಂಬ ಉಪಾಯ. ಅರಿಶಿನ ಬಳಿದ ಹೊಸ್ತಿಲು ಕೂಡ ನಮ್ಮ ಅಜ್ಜಂದಿರಿಗೆ ಅದೇ ಸಹಾಯ ಮಾಡುತ್ತಿತ್ತೋ ಏನೋ.

ಮೊದಲ ಕೋಣೆಯೇ ತರಗತಿ. ಕಪ್ಪುಹಲಗೆಯ ಮೇಲೆ ಹಿಂದಿನ ದಿನದ ಪಾಠ ಅಳಿಸದೆ ಉಳಿದಿತ್ತು. 1909: ‘ಜೀರಿಯಾಟ್ರಿಕ್ಸ್’ ಎಂಬ ಪದವನ್ನು ನ್ಯೂಯಾರ್ಕಿನ ವೈದ್ಯರೊಬ್ಬರು ಹುಟ್ಟುಹಾಕಿದ ವರ್ಷ. 1996: ಚೆನ್ನೈಯಲ್ಲಿ ದೇಶದ ಮೊದಲ ಎಂ.ಡಿ. ತರಗತಿ. 2010-11: ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ. ಕೆಳಗೆ 2011ರ ಜನಗಣತಿಯ ಲೆಕ್ಕ: ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಮೂಲೆಯಲ್ಲಿ ಯಾರೋ ಬೇರೆ ಅಕ್ಷರದಲ್ಲಿ ‘ಜರೆ’ ಎಂದು ಬರೆದು, ಅಲ್ಲಿಂದ ಮೊದಲ ಪದಕ್ಕೆ ಬಾಣ ಎಳೆದಿದ್ದರು. ಗ್ರೀಕಿನ ‘ಗೇರಾಸ್’ಗೂ ಸಂಸ್ಕೃತದ ‘ಜರಾ’ಕ್ಕೂ ಬೇರು ಒಂದೇ. ಆಯುರ್ವೇದದ ಎಂಟು ಅಂಗಗಳಲ್ಲಿ ಜರಾಚಿಕಿತ್ಸೆಯೂ ಒಂದು. ಹೊಸ ಶಾಸ್ತ್ರ, ಹಳೆಯ ಚಿಂತೆ.

ಮೇಜಿನ ಮೇಲೆ ಇದ್ದ ಸಾಮಾನು ಮಾತ್ರ ಯಾವ ಶಾಸ್ತ್ರದ್ದೂ ಅನ್ನಿಸಲಿಲ್ಲ. ವ್ಯಾಸಲೀನ್ ಬಳಿದ ಕನ್ನಡಕ, ಹತ್ತಿಯ ಉಂಡೆ, ದಪ್ಪ ಕೈಗವಸು, ಅಕ್ಕಿ ತುಂಬಿದ ಮೊರ, ಒಂದು ಜೊತೆ ಶೂ. ಶೂ ಒಳಗೆ ಒಣ ಅವರೆಕಾಳು. ಬಂದ ವಿದ್ಯಾರ್ಥಿಗಳೆಲ್ಲ ಇವನ್ನು ತೊಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಶಿಕ್ಷಕಿ ನನಗೂ ಕೊಟ್ಟರು. ಐದು ನಿಮಿಷ ಹುಡುಕಿದೆ. ಎರಡು ಕಲ್ಲು ಸಿಕ್ಕಿತು ಎಂದು ಹೆಮ್ಮೆಪಟ್ಟೆ. ಕನ್ನಡಕ ತೆಗೆದು ನೋಡಿದರೆ ಒಂದು ನುಚ್ಚಕ್ಕಿ. ಕಿವಿಯಲ್ಲಿ ಹತ್ತಿ ಇದ್ದಾಗ ಹಿಂದಿನಿಂದ ಯಾರೋ ನಕ್ಕಂತಾಯಿತು. ನನ್ನನ್ನು ನೋಡಿಯೇ ನಕ್ಕದ್ದು ಎಂದು ಆ ಕ್ಷಣ ಖಂಡಿತವಾಗಿ ಅನ್ನಿಸಿತ್ತು. ಈಗ ಅಷ್ಟು ಖಾತ್ರಿಯಿಲ್ಲ.

ಅಲ್ಲಿಂದ ಪಡಸಾಲೆ. ನೆಲದ ಮೇಲೆ ಬಿಳಿ ಟೇಪಿನ ಎರಡು ಗೆರೆ, ನಡುವೆ ಮೂರು ಮೀಟರ್. ಈಚೆಯ ಗೆರೆಯ ಬಳಿ ಕುರ್ಚಿ. ಕುರ್ಚಿಯಿಂದ ಎದ್ದು, ಆಚೆಯ ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಗುರುತು ಹಾಕುತ್ತಾರೆ. ಪಂಚೆ ಉಟ್ಟ ಒಬ್ಬ ಅಜ್ಜ ಎದ್ದರು. ವಿದ್ಯಾರ್ಥಿ ಗಡಿಯಾರ ಒತ್ತಿದ. ಆಚೆಯ ಗೆರೆ ಮುಟ್ಟಿದ ಅಜ್ಜ ನಿಂತು, ಕಿಟಕಿಯಾಚೆ ತೋಟ ನೋಡಿದರು. “ಕಾಯಿ ಕೀಳೋಕೆ ಬಂದವ್ರೆ” ಎಂದರು. ಆಮೇಲೆ ನಿಧಾನವಾಗಿ ತಿರುಗಿದರು. ಇಪ್ಪತ್ತಾರು ಸೆಕೆಂಡು. ಹುಡುಗ ಶಿಕ್ಷಕಿಯ ಮುಖ ನೋಡಿದ. “ಅವರು ನಡೆಯಲಾರದೆ ನಿಂತರಾ, ನೋಡಬೇಕೆನಿಸಿ ನಿಂತರಾ? ಅದನ್ನೂ ಬರೆದುಕೋ. ಆಮೇಲೆ ಇನ್ನೊಂದು ಸಲ ನಡೆಸು” ಎಂದರು ಆಕೆ.

ಅಜ್ಜ ಕೂತ ಮೇಲೆ ರಕ್ತದೊತ್ತಡದ ಪಾಠ. ನಮ್ಮ ಆಸ್ಪತ್ರೆಗಳಲ್ಲಿ ಕೂತಲ್ಲೇ ಒಂದು ಸಲ ಪಟ್ಟಿ ಕಟ್ಟಿ ಮುಗಿಸುವುದನ್ನೇ ನಾನು ಕಂಡಿದ್ದೆ. ಇಲ್ಲಿ ಮಲಗಿಸಿ ಒಂದು ಸಲ, ಎದ್ದು ನಿಂತ ಒಂದು ನಿಮಿಷಕ್ಕೆ ಇನ್ನೊಂದು, ಮೂರು ನಿಮಿಷಕ್ಕೆ ಮತ್ತೊಂದು. ಮೇಲಿನ ಅಂಕಿ 20 ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ ಎಚ್ಚರ. ರಾತ್ರಿ ಬಚ್ಚಲಿಗೆಂದು ಎದ್ದು ‘ತಲೆ ಗಿರ್ ಅಂತು’ ಎಂದು ಬೀಳುವವರಲ್ಲಿ ಎಷ್ಟೋ ಜನರ ಕಥೆ ಈ ಇಳಿತದಲ್ಲಿದೆ. ಎಷ್ಟೋ ಸಲ ಅದಕ್ಕೆ ಕಾರಣ ಅವರು ನುಂಗುವ ಮಾತ್ರೆಯೇ. ಹಾಗಾಗಿ ವಿದ್ಯಾರ್ಥಿಗಳು ದಿಂಬಿನಡಿಯ ಮಾತ್ರೆಗಳನ್ನೂ ಸುರಿದು ಎಣಿಸುತ್ತಾರೆ. ಐದು ಬಗೆ ದಾಟಿದರೆ ವೈದ್ಯರಿಗೆ ಚೀಟಿ ಹೋಗುತ್ತದೆ.

ಬಲಗಡೆಯ ಕೋಣೆಯಲ್ಲಿ ನೆನಪಿನ ಪರೀಕ್ಷೆ. ಬಾಗಿಲಲ್ಲಿ ನಿಲ್ಲಲು ಅಜ್ಜಿಯನ್ನೇ ಕೇಳಿ ಒಪ್ಪಿಗೆ ಪಡೆದೆ.

“ಅಜ್ಜೀ, ಇವತ್ತು ತಾರೀಕು ಎಷ್ಟು?”

“ತಾರೀಕು ಯಾವೋಳಿಗೆ ಗೊತ್ತವ್ವ. ಅಮಾಸೆ ಕಳೆದು ನಾಕು ದಿನ ಆತು. ಇಸಾಖೆ ಮಳೆ ನಡೀತೈತೆ, ಹನಿ ಬಿದ್ದಿಲ್ಲ.”

ಹುಡುಗಿ ಸೊನ್ನೆ ಹಾಕಿದಳು. ಶಿಕ್ಷಕಿ ಮಾತಾಡದೆ ರಬ್ಬರ್ ಮುಂದಿಟ್ಟರು. ಪಂಚಾಂಗ ತರಿಸಿ ನೋಡಿದರೆ ಅಜ್ಜಿಯ ಲೆಕ್ಕ ಸರಿ. ನನಗೇ ತಿಥಿ ಗೊತ್ತಿರಲಿಲ್ಲ. ಈ ಬಗೆಯ ಮೂವತ್ತು ಅಂಕದ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಬಂದದ್ದು. ಅದರಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಬರಬೇಕು. ಶಾಲೆಯ ಮೆಟ್ಟಿಲು ಹತ್ತದವರು ಅದರ ಮುಂದೆ ಬುದ್ಧಿ ಮಂಕಾದವರಂತೆ ಕಂಡುಬಿಡುತ್ತಾರೆ. ಅದಕ್ಕೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದವರಿಗೂ ಹೊಂದುವ ಹಿಂದಿ ರೂಪ ಕಟ್ಟಿದರು, 1995ರಲ್ಲಿ ಅದು ಪ್ರಕಟವಾಯಿತು. ಇಲ್ಲಿ ಶಿಕ್ಷಕಿ ತೋರಿಸುತ್ತಿದ್ದುದು ಅದೇ ದಾರಿ. “ನೂರರಲ್ಲಿ ಏಳು ಹೋದರೆ?” ಎಂದಾಗ ಸುಮ್ಮನಿದ್ದ ಅಜ್ಜಿ, “ನೂರು ಕಾಯಿ ಐತೆ, ಏಳು ಮಾರಿದ್ರಿ” ಎಂದಾಗ ತೊಂಬತ್ತಮೂರು ಎಂದರು. ಎಂಬತ್ತಾರೂ ಬಂತು. ಆಮೇಲೆ ನಿಂತರು. ಸೆರಗಿನ ಅಂಚನ್ನು ಮಡಿಸುತ್ತ ಕೂತರು. ಅದು ಮರೆವೋ, ಬೇಸರವೋ, ಈ ಆಟ ಸಾಕೆಂಬ ಮಾತೋ, ಬಾಗಿಲಲ್ಲಿ ನಿಂತ ನನಗೆ ತಿಳಿಯಲಿಲ್ಲ. ಹುಡುಗಿಗೂ ತಿಳಿದಂತೆ ಕಾಣಲಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟು ಕಾದಳು. ಬೆಳಿಗ್ಗೆಯಿಂದ ನಾನು ಕಂಡ ಪಾಠಗಳಲ್ಲಿ ಅದೇ ಕಷ್ಟದ್ದು ಅನ್ನಿಸಿತು.

ಬಚ್ಚಲನ್ನು ಬೇಗ ನೋಡಿದೆ. ಗೋಡೆಗೆ ಹಿಡಿಕೆ, ಒರಟು ನೆಲ, ಹೊರಕ್ಕೆ ತೆರೆಯುವ ಬಾಗಿಲು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಇಷ್ಟು ಸರಳ ಸಂಗತಿ ನಮ್ಮ ಮನೆ ಕಟ್ಟುವಾಗ ಯಾರಿಗೂ ಹೊಳೆದಿರಲಿಲ್ಲ.

ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದರು, ಒಲೆಯ ಮೇಲೆ ಬಸ್ಸಾರು. ಇದೂ ತರಗತಿಯೇ ಎಂದು ಆಮೇಲೆ ತಿಳಿಯಿತು. ಮುದ್ದೆ ಗೊತ್ತಿಲ್ಲದ ಊರಿನಿಂದ ಬಂದ ವಿದ್ಯಾರ್ಥಿಯೊಬ್ಬ ತುತ್ತು ಬಾಯಿಗಿಟ್ಟು ಅಗಿಯತೊಡಗಿದ. ಅಡುಗೆಯ ಅಮ್ಮ ನಕ್ಕು, “ಅಗೀಬೇಡ ಮಗಾ, ಸಾರಲ್ಲಿ ಅದ್ದಿ ನುಂಗು” ಎಂದರು. ನುಂಗಿದ ಮೇಲೆ ಪಾಠ ಶುರುವಾಯಿತು. ಲಕ್ವ ಹೊಡೆದವರಿಗೆ, ಮರೆವು ಬಲಿತವರಿಗೆ ನುಂಗುವುದೇ ತ್ರಾಸು. ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿಕೊಂಡೀತು, ತೆಳ್ಳನೆಯ ನೀರು ಶ್ವಾಸನಾಳಕ್ಕೆ ಹೋದೀತು. ಅವರಿಗೆ ಅದೇ ರಾಗಿಯ ಗಟ್ಟಿ ಗಂಜಿ, ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ. “ಮುದ್ದೆ ನಿಲ್ಲಿಸಿ ಅಂತ ಚೀಟಿ ಬರೆಯೋದು ಸುಲಭ” ಎಂದರು ಶಿಕ್ಷಕಿ. “ಎಪ್ಪತ್ತು ವರ್ಷ ಉಂಡವರಿಗೆ ಅದರ ಬದಲು ಏನು ಅಂತ ಬರೆಯೋದು ಕಷ್ಟ.”

ಹೊರಡುವಾಗ ಇಳಿಜಾರಿನಲ್ಲೇ ಇಳಿದೆ.

ಹೆಬ್ಬೂರಿನ ನಿಲ್ದಾಣದಲ್ಲಿ ತುಮಕೂರಿನ ಬಸ್ಸು ಬಂತು. ನನ್ನ ಮುಂದೆ ಕೈಚೀಲ ಹಿಡಿದ ಅಜ್ಜಿಯೊಬ್ಬರು. ಮೊದಲ ಮೆಟ್ಟಿಲು ಅವರ ಮೊಣಕಾಲಿನ ಎತ್ತರ. ಹಿಡಿಕೆ ಹುಡುಕಿ, ಒಂದು ಕಾಲಿಟ್ಟು, ಉಸಿರು ತಗೊಂಡರು. “ಬೇಗ ಹತ್ತಮ್ಮ” ಎಂಬ ದನಿ ಒಳಗಿನಿಂದ ಬಂತು. ಹಿಂದಿದ್ದವರು ಒತ್ತಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದಕ್ಕೆ ಎಣಿಕೆ ಬಿಟ್ಟು ಕೈಚೀಲ ತೆಗೆದುಕೊಂಡೆ. ಮೊದಲನೇ ಸೆಕೆಂಡಿಗೇ ತೆಗೆದುಕೊಳ್ಳಬಹುದಿತ್ತು.