ಸತ್ತ ಮಂಗ ಕಲಿಸುವ ನಾಲ್ಕು ಪಾಠ

ಬಿ.ಎಸ್ಸಿ. ಮುಗಿಸಿದವರು, ಮುಂದೇನು ಅಂತ ಯೋಚಿಸುತ್ತಿರುವವರು ಕೋರ್ಸ್ ಪಟ್ಟಿ ನೋಡಿರುತ್ತೀರಿ. ಮೈಕ್ರೋಬಯಾಲಜಿ, ಇಮ್ಯುನಾಲಜಿ, ಪ್ಯಾರಾಸಿಟಾಲಜಿ, ಫೊರೆನ್ಸಿಕ್. ಹೆಸರು ಕೇಳಿದರೆ ಎಲ್ಲೋ ದೂರದ ಲ್ಯಾಬ್ ನೆನಪಾಗುತ್ತೆ ಅಲ್ವಾ? ಆದರೆ ಈ ನಾಲ್ಕೂ ವಿಷಯಗಳು ಒಟ್ಟಿಗೆ ಸಿಗುವ ಜಾಗ ನಮ್ಮ ಮಲೆನಾಡಿನಲ್ಲೇ ಇದೆ. ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿದರೆ ಸೊರಬ. ಆ ತಾಲ್ಲೂಕಿನ ಒಂದು ಕಾಡಿನ ಹೆಸರು ಇವತ್ತು ಜಗತ್ತಿನ ವೈರಾಲಜಿ ಪುಸ್ತಕಗಳಲ್ಲೆಲ್ಲ ಇದೆ: ಕ್ಯಾಸನೂರು.

1957ರ ಬೇಸಿಗೆ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳತೊಡಗಿದವು. ಹಿಂದೆಯೇ ಕಾಡಂಚಿನ ಊರುಗಳಲ್ಲಿ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಅವರಿಗಿದ್ದ ದೊಡ್ಡ ಭಯ ಒಂದೇ, ಏಷ್ಯಾಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಬಂತಾ ಅಂತ. ಆ ಜ್ವರದಲ್ಲೂ ಮಂಗಗಳು ಹೀಗೇ ಸಾಯುತ್ತವೆ. ಪರೀಕ್ಷೆ ಮಾಡಿದರೆ ಅದಲ್ಲ. ರಷ್ಯಾ ಕಡೆಯ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ, ಆದರೆ ಪೂರ್ತಿ ಹೊಸದು. ಅದಕ್ಕೆ ಕಾಡಿನ ಹೆಸರೇ ಬಂತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ.

ಉಣುಗಿನ ಪಾಠ

ಹೆಸರಿಗೆ ಮಂಗನ ಕಾಯಿಲೆ, ಆದರೆ ಮಂಗವೂ ನಮ್ಮಂತೆ ಪೆಟ್ಟು ತಿಂದ ಪ್ರಾಣಿ. ರೋಗ ಹರಡುವುದು ಉಣುಗು, ಅದರಲ್ಲೂ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ದೊಡ್ಡ ಉಣುಗಲ್ಲ, ಕಣ್ಣಿಗೆ ಸರಿಯಾಗಿ ಕಾಣದ ಎಳೆಯದು. ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ. ನಮ್ಮವರು ದರಕು ಗುಡಿಸಲು, ಸೊಪ್ಪು, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ಬೆಳೆದ ಉಣುಗು ದನಗಳ ರಕ್ತ ಕುಡಿದು ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಕಾಡು ಕಡಿದು, ಅದರೊಳಗೆ ದನ ಮೇಯಿಸಿದಷ್ಟೂ ಉಣುಗಿಗೆ ಹಬ್ಬ. ಪ್ಯಾರಾಸಿಟಾಲಜಿ ಅಂದರೆ ಈ ಲೆಕ್ಕಾಚಾರ ಬಿಡಿಸುವ ವಿದ್ಯೆ.

ವೈರಸ್ಸಿನ ಪಾಠ

ಸುಮಾರು 11 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಎಳೆ, ಅಷ್ಟೇ ಈ ವೈರಸ್ಸಿನ ಬಂಡವಾಳ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ವಿಪರೀತ ಮೈಕೈ ನೋವು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರಳಿ, ನರಮಂಡಲಕ್ಕೆ ತೊಂದರೆ ಕೊಡುವುದೂ ಉಂಟು. ನೂರು ಮಂದಿಯಲ್ಲಿ 3ರಿಂದ 5 ಜನರ ಜೀವ ಹೋಗುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಗುರುತಿಸಿ, ದೇಹಕ್ಕೆ ಆಸರೆ ಕೊಡುವುದೇ ಚಿಕಿತ್ಸೆ. ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೂ ಇದು ತಗುಲಿದೆ. ಹಾಗಾಗಿ ವೈರಸ್ಸನ್ನು ಬೆಳೆಸುವ ಕೆಲಸವನ್ನು ಅತಿ ಭದ್ರ ಪ್ರಯೋಗಾಲಯಗಳಲ್ಲಿ ಮಾತ್ರ ಮಾಡುತ್ತಾರೆ.

ಲಸಿಕೆಯ ಪಾಠ

ಜ್ವರ ಬಂದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಿಂದ ವೈರಸ್ಸನ್ನೇ ಹುಡುಕುತ್ತಾರೆ. ಆಮೇಲೆ ದೇಹ ಮಾಡಿಕೊಂಡ ಐಜಿಎಂ ಪ್ರತಿಕಾಯವನ್ನು ಹುಡುಕುತ್ತಾರೆ. ಇದು ಇಮ್ಯುನಾಲಜಿ. ಮಲೆನಾಡಿನಲ್ಲಿ ದಶಕಗಳ ಕಾಲ ಲಸಿಕೆ ಕೊಟ್ಟರು. ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ನೋವು ಜಾಸ್ತಿ ಅಂತ ತಪ್ಪಿಸಿಕೊಂಡವರು ಬಹಳ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್‌ನಿಂದ ಸಿಕ್ಕ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಕೊನೆಗೆ ಆ ಲಸಿಕೆ ನಿಂತೇ ಹೋಯಿತು. ಹೊಸದಕ್ಕಾಗಿ ಕೆಲಸ ನಡೆದಿದೆ. ಪರೀಕ್ಷೆಗೆ ಓದಿ ಮರೆಯುವ 'ರೋಗನಿರೋಧಕ ಸ್ಮೃತಿ' ಎಂಬ ಪದದ ಬೆಲೆ ಇಲ್ಲಿ ಒಂದು ಮನೆಯ ಜೀವ.

ಪತ್ತೇದಾರಿ ಪಾಠ

ಫೊರೆನ್ಸಿಕ್ ಅಂದರೆ ಬರೀ ಕೊಲೆ ಕೇಸ್ ಅಲ್ಲ. ಕಾಡಂಚಿನಲ್ಲಿ ಒಂದು ಮಂಗ ಸತ್ತಿದೆ ಅಂದುಕೊಳ್ಳಿ. ಕರೆಂಟ್ ತಂತಿ ತಗುಲಿತಾ, ವಿಷವಾ, ನಾಯಿ ಕಚ್ಚಿತಾ, ಇಲ್ಲ ಕ್ಯಾಸನೂರು ವೈರಸ್ಸಾ? ರಕ್ಷಣಾ ಉಡುಪು ತೊಟ್ಟು ಮರಣೋತ್ತರ ಪರೀಕ್ಷೆ ಮಾಡಿ, ಮಾದರಿಗೆ ದಿನಾಂಕ, ಜಾಗ ಬರೆದು, ತಣ್ಣಗೆ ಇಟ್ಟು ಕಳಿಸಬೇಕು. ಒಂದು ಚೀಟಿ ತಪ್ಪಿದರೂ ಇಡೀ ಊರಿಗೆ ಎಚ್ಚರಿಕೆ ತಡವಾಗುತ್ತದೆ. ಯಾಕೆಂದರೆ ಮಂಗನ ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತಲಿನ ಎಲೆಗಳ ಮೇಲೆ ಕಾಯುತ್ತವೆ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಈ ಕಾಯಿಲೆಗೆ ನಲುಗಿತು. ಒಂದು ತಾಲ್ಲೂಕಿನ ಕಾಯಿಲೆ ಅಂದುಕೊಂಡಿದ್ದದ್ದು ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ.

ಹಾಗಾಗಿ ಎರಡು ಮಾತು. ಕೋರ್ಸ್ ಆರಿಸುತ್ತಿರುವವರೇ, 'ಇದಕ್ಕೆ ಸ್ಕೋಪ್ ಇದ್ಯಾ?' ಅಂತ ಯಾರಾದರೂ ಕೇಳಿದರೆ ಕ್ಯಾಸನೂರಿನ ಕಥೆ ಹೇಳಿ. ಉಣುಗು ಗುರುತಿಸುವವರು, ರಕ್ತದ ಮಾದರಿ ಪರೀಕ್ಷಿಸುವವರು, ಲಸಿಕೆ ಕಟ್ಟುವವರು ಇಲ್ಲಿ ಇನ್ನೂ ಬೇಕು. ಊರು ಬಿಟ್ಟು ನಗರದಲ್ಲಿ ಕೆಲಸ ಮಾಡುವವರೇ, ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಇಷ್ಟು ಹೇಳಿ: 'ಕಾಡಿಗೆ ಹೋಗೋವಾಗ ಮೈ ತುಂಬ ಬಟ್ಟೆ ಹಾಕ್ಕೋ. ಆರೋಗ್ಯ ಕೇಂದ್ರದಲ್ಲಿ ಕೊಡೋ ಎಣ್ಣೆ ಹಚ್ಚಿಕೊಂಡು ಹೋಗು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆದು ಹಾಕು. ಸತ್ತ ಮಂಗ ಕಂಡರೆ ಮುಟ್ಟಬೇಡ, ಆಶಾ ಅಕ್ಕನಿಗೆ ತಿಳಿಸು. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳು.'

ನಾಲ್ಕು ವಿಷಯದ ಓದು ಕೊನೆಗೆ ಬಂದು ನಿಲ್ಲುವುದು ಈ ಐದು ಮಾತಿಗೇ.